ಕವಚದ ಬಿಲ್ ಕಟ್ಟಿದ್ದು ಯಾರು? ಬೈಜಾಂಟೈನ್ ಸೈನಿಕನ ಕುದುರೆ, ಕತ್ತಿ ಮತ್ತು ಜಮೀನು

ಇಂಟರ್‌ನೆಟ್‌ನಲ್ಲಿ ‘ಬೈಜಾಂಟೈನ್ ಸೈನಿಕ’ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಕ್ಯಾಟಾಫ್ರಾಕ್ಟ್. ತಲೆಯಿಂದ ಕಾಲಿನವರೆಗೆ ಕವಚ, ಮುಖಕ್ಕೆ ಕಬ್ಬಿಣದ ಬಳೆಗಳನ್ನು ಹೆಣೆದ ಮುಸುಕು, ಕಾಣೋದು ಎರಡು ಕಣ್ಣು ಮಾತ್ರ. ಅವನ ಕುದುರೆಗೂ ಕವಚ. ವಿಡಿಯೋ ಗೇಮ್ ಆಡುವವರಿಗೆ ಈತ ಹಳೇ ಪರಿಚಯ. ಯುರೋಪಿನ ಬಲಪಂಥೀಯ ಪೇಜುಗಳಲ್ಲಿ ಇವನು ‘ಕ್ರೈಸ್ತ ಜಗತ್ತನ್ನು ಕಾಪಾಡಿದ ವೀರ’ನಾಗಿ ಮೀಮ್‌ಗಳಲ್ಲಿ ಓಡಾಡ್ತಾನೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಬರೋದು ಒಂದೇ ಪ್ರಶ್ನೆ: ಇಷ್ಟಕ್ಕೆಲ್ಲ ದುಡ್ಡು ಕೊಟ್ಟವರು ಯಾರು?

ಸಣ್ಣ ಪ್ರಶ್ನೆ ಥರ ಕಾಣುತ್ತೆ. ಆದರೆ ಆ ಸಾಮ್ರಾಜ್ಯದ ನಾಲ್ಕು ಶತಮಾನದ ರಾಜಕೀಯ ಇದರ ಸುತ್ತಲೇ ಸುತ್ತಿದೆ. ಭೂಮಿ, ತೆರಿಗೆ, ಸಾಲ, ಬರಗಾಲ, ದೊಡ್ಡವರ ಒತ್ತುವರಿ, ಎಲ್ಲವೂ ಇದರೊಳಗಿದೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಈ ಜನ ತಮ್ಮ ರಾಜ್ಯವನ್ನು ‘ಬೈಜಾಂಟೈನ್’ ಅಂತ ಕರೆದವರಲ್ಲ. ಮಾತಾಡಿದ್ದು ಗ್ರೀಕ್, ಆದರೆ ತಮ್ಮನ್ನು ಕರೆದುಕೊಂಡಿದ್ದು ರೋಮನ್ನರು ಅಂತ. ಪಶ್ಚಿಮದ ರೋಮ್ ಬಿದ್ದ ಮೇಲೂ ಕಾನ್‌ಸ್ಟಾಂಟಿನೋಪಲ್‌ನಿಂದ, ಅಂದರೆ ಇವತ್ತಿನ ಇಸ್ತಾಂಬುಲ್‌ನಿಂದ, 1453ರವರೆಗೆ ಆಳಿದ ರೋಮನ್ ರಾಜ್ಯ ಅದು. ಬೈಜಾಂಟೈನ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು 16ನೇ ಶತಮಾನದಿಂದೀಚೆಗೆ, ಪಶ್ಚಿಮ ಯುರೋಪಿನ ವಿದ್ವಾಂಸರಿಂದ. ನಾನಿಲ್ಲಿ ಹೇಳ್ತಿರೋದು ಮುಖ್ಯವಾಗಿ 8ರಿಂದ 11ನೇ ಶತಮಾನದ ಕತೆ. ನಡೆದಿದ್ದು ಹೆಚ್ಚಾಗಿ ಅನಟೋಲಿಯಾದಲ್ಲಿ, ಅಂದರೆ ಇವತ್ತಿನ ಟರ್ಕಿಯಲ್ಲಿ.

ಕಾಲಾಳಿಗೆ ಕೌದಿ, ಕುದುರೆಗೆ ತೊಗಲು

ಆ ಕಾಲದ ಕವಚಗಳು ಮಣ್ಣಿನಡಿಯಿಂದ ಸಿಕ್ಕಿರೋದು ಬಹಳ ಕಡಿಮೆ. ನಮಗೆ ಗೊತ್ತಿರೋದರಲ್ಲಿ ಹೆಚ್ಚಿನದು ಎರಡು ಕಡೆಯಿಂದ ಬಂದಿದೆ. ಒಂದು, ಚರ್ಚುಗಳಲ್ಲಿನ ಸೈನಿಕ ಸಂತರ ಚಿತ್ರಗಳು: ಸಂತ ಜಾರ್ಜ್, ಸಂತ ದೆಮೇತ್ರಿಯೋಸ್. ಇನ್ನೊಂದು, ಯುದ್ಧದ ಕೈಪಿಡಿಗಳು. ಯುದ್ಧ ಹೇಗೆ ಮಾಡಬೇಕು ಅಂತ ಚಕ್ರವರ್ತಿಗಳೇ ಕೂತು ಪುಸ್ತಕ ಬರೆದ ಸಾಮ್ರಾಜ್ಯ ಇದು. ಸುಮಾರು ಕ್ರಿ.ಶ. 600ರಲ್ಲಿ ಮೌರಿಸ್ ಹೆಸರಿನಲ್ಲಿ ಬಂದ ಒಂದು, 900ರ ಆಸುಪಾಸಿನಲ್ಲಿ ಆರನೇ ಲಿಯೋ ಬರೆದ ಒಂದು, 965ರ ಹೊತ್ತಿಗೆ ನಿಕೆಫೋರೋಸ್ ಫೋಕಾಸ್ ಬರೆದದ್ದೆನ್ನಲಾದ ಇನ್ನೊಂದು. ಈ ಕೊನೆಯದು ನನಗೆ ಇಷ್ಟ. ಬರೆದವನು ನಿಜವಾಗಿ ಯುದ್ಧಭೂಮಿಯಲ್ಲಿ ಓಡಾಡಿದವನು ಅನ್ನೋದು ಸಾಲುಸಾಲಿನಲ್ಲೂ ಗೊತ್ತಾಗುತ್ತೆ.

ಫೋಕಾಸನ ಕಾಲಾಳಿಗೆ ಲೋಹದ ಕವಚ ಇಲ್ಲ. ಒರಟು ರೇಷ್ಮೆ, ಹತ್ತಿ ತುಂಬಿ ದಪ್ಪಕ್ಕೆ ಹೊಲಿದ, ಮೊಣಕಾಲವರೆಗೆ ಬರುವ ನಿಲುವಂಗಿ. ಅದಕ್ಕೆ ಕವಾದಿಯೋನ್ ಅಂತ ಹೆಸರು. ನಮ್ಮ ಅಜ್ಜಿಯರು ಹೊಲಿಯೋ ಕೌದಿಯನ್ನೇ ಅಂಗಿ ಮಾಡಿ ತೊಟ್ಟ ಹಾಗೆ ಅಂದುಕೊಳ್ಳಿ. ತಲೆಗೆ ಶಿರಸ್ತ್ರಾಣವೂ ಇಲ್ಲ, ದಪ್ಪ ಉಣ್ಣೆಯ ಟೋಪಿ, ಅದರ ಮೇಲೆ ಬಿಗಿಯಾಗಿ ಸುತ್ತಿದ ರುಮಾಲು. ಕಾಲಿಗೆ ಸಾಧ್ಯವಾದರೆ ಉದ್ದ ಬೂಟು, ಇಲ್ಲದಿದ್ದರೆ ಸಾದಾ ಜೋಡು. ಮೀಮ್‌ಗಳಲ್ಲಿ ಇವನು ಬರೋದೇ ಇಲ್ಲ. ಆದರೆ ಸಂಖ್ಯೆಯಲ್ಲಿ ಸೈನ್ಯ ಅಂದರೆ ಇವನೇ.

ಕೈಪಿಡಿ ಪ್ರಕಾರ ಸಾವಿರ ಕಾಲಾಳುಗಳ ಒಂದು ತುಕಡಿ. ಅದರಲ್ಲಿ 400 ಜನ ಗುರಾಣಿ, ಉದ್ದ ಈಟಿ ಹಿಡಿದವರು. 300 ಬಿಲ್ಲುಗಾರರು. 200 ಜನ ಎಸೆಯುವ ಭರ್ಜಿ, ಕವಣೆಯವರು. ಉಳಿದ 100 ಜನಕ್ಕೆ ಮೆನಾವ್ಲಿಯೋನ್ ಅನ್ನೋ ದಪ್ಪ ಈಟಿ. ಕವಚ ತೊಟ್ಟ ಕುದುರೆ ನುಗ್ಗಿ ಬಂದಾಗ ಮುಂದೆ ಬಂದು ನಿಲ್ಲಬೇಕಾದವರು ಇವರು. ಸೀಳಿದ ಮರದಿಂದ ಇದರ ಕೋಲು ಮಾಡಬೇಡಿ, ಓಕ್‌ನಂಥ ಗಟ್ಟಿ ಮರದ ಇಡೀ ಎಳೆ ಗಿಡವನ್ನೇ ಬಳಸಿ ಅಂತ ಪುಸ್ತಕ ಹೇಳುತ್ತೆ. ಯಾಕಂದ್ರೆ ಕುದುರೆ ಬಂದು ಗುದ್ದಿದಾಗ ಕೋಲು ಮುರಿದರೆ, ಹಿಡಿದವನ ಕತೆ ಅಲ್ಲಿಗೆ ಮುಗೀತು.

ಇನ್ನು ನಮ್ಮ ಮೀಮ್ ಹೀರೋ. ಎದೆಗೆ ಕ್ಲಿಬಾನಿಯೋನ್, ಅಂದರೆ ಚಿಕ್ಕ ಚಿಕ್ಕ ಪಟ್ಟಿಗಳನ್ನು ದಾರದಿಂದ ಸಾಲುಸಾಲಾಗಿ ಹೆಣೆದ ಕವಚ. ಅದರ ಮೇಲೆ ದಪ್ಪ ಬಟ್ಟೆಯ ಮೇಲಂಗಿ. ಕುದುರೆಗೆ ಉಣ್ಣೆಯ ಪದರ, ಬೇಯಿಸಿ ಗಟ್ಟಿ ಮಾಡಿದ ತೊಗಲು ಸೇರಿಸಿ ಅಂಟಿಸಿದ ಹೊದಿಕೆ, ಮೊಣಕಾಲಿನ ತನಕ. ಕೈಯಲ್ಲಿ ಮೊದಲು ಇರಬೇಕಾದದ್ದು ಕತ್ತಿಯಲ್ಲ, ಕಬ್ಬಿಣದ ಗದೆ. ಎದುರಿನವನೂ ಕವಚ ತೊಟ್ಟಿದ್ದಾಗ ಕತ್ತಿಯ ಅಲಗಿಗಿಂತ ಗದೆಯ ಭಾರವೇ ಕೆಲಸಕ್ಕೆ ಬರೋದು. ಇಂಥವರು ಮೊನೆ ಕತ್ತರಿಸಿದ ತ್ರಿಕೋನದ ಆಕಾರದಲ್ಲಿ ನಿಲ್ತಾರೆ: ಮುಂದಿನ ಸಾಲಿನಲ್ಲಿ 20, ಹಿಂದಿನದರಲ್ಲಿ 24, ಹೀಗೆ ಸಾಲಿಗೆ ನಾಲ್ಕು ಹೆಚ್ಚುತ್ತಾ 12 ಸಾಲು. ಒಟ್ಟು 504. ಅಷ್ಟು ಜನ ಇಲ್ಲದಿದ್ದರೆ 10ರಿಂದ ಶುರು ಮಾಡಿ 384 ಅಂತ ಪುಸ್ತಕವೇ ರಿಯಾಯಿತಿ ಕೊಡುತ್ತೆ. ಇಡೀ ಸಾಮ್ರಾಜ್ಯದ ಚಕ್ರವರ್ತಿಯ ದಂಡಿಗೇ ಐನೂರು ಜನ ಸಿಗದೇ ಹೋಗಬಹುದು ಅಂದರೆ ಈ ಸವಾರ ಎಷ್ಟು ದುಬಾರಿ ಇದ್ದಿರಬೇಕು ನೋಡಿ.

‘ಶುದ್ಧ’ ರೋಮನ್ ಪರಂಪರೆ ಹುಡುಕುವವರಿಗೆ ಇಲ್ಲಿ ಕಷ್ಟ ಇದೆ. ಮೌರಿಸನ ಕೈಪಿಡಿ, ಈಟಿಯಿಂದ ಹಿಡಿದು ಡೇರೆಯವರೆಗೆ ಹಲವು ವಸ್ತುಗಳನ್ನು ಹುಲ್ಲುಗಾವಲಿನ ಅವಾರ್ ಜನರ ಮಾದರಿಯಲ್ಲೇ ಮಾಡಿಕೊಳ್ಳಿ ಅಂತ ನೇರವಾಗಿ ಹೇಳುತ್ತೆ. ಸವಾರ ಕಾಲು ಊರುವ ರಿಕಾಬು ಕೂಡ ಆ ಕಡೆಯಿಂದಲೇ ಬಂದದ್ದು ಅಂತ ಬಹುತೇಕ ಇತಿಹಾಸಕಾರರ ಅಭಿಪ್ರಾಯ. ನೀರಿನ ಮೇಲೂ ಉರಿಯುವ ‘ಗ್ರೀಕ್ ಬೆಂಕಿ’ ಬಗ್ಗೆ ಎಲ್ಲರೂ ಬರೀತಾರೆ, ನಾನು ಬಿಟ್ಟುಬಿಡ್ತೀನಿ. ಒಂದು ಮಾತು ಮಾತ್ರ: ಅದನ್ನು ತಯಾರಿಸಿದ್ದು ಸರ್ಕಾರ, ಗುಟ್ಟಾಗಿ, ತನ್ನದೇ ಖರ್ಚಿನಲ್ಲಿ. ಸಾಮಾನ್ಯ ಸೈನಿಕನ ಕತ್ತಿ, ಕುದುರೆಗೆ ಆ ಭಾಗ್ಯ ಇರಲಿಲ್ಲ.

ಮೂಸುಲಿಯೋಸನ ಕುದುರೆ ಸತ್ತ ದಿನ

7ನೇ ಶತಮಾನದಲ್ಲಿ ಅರಬರ ಕೈಗೆ ಸಿರಿಯಾ ಹೋಯ್ತು, ಈಜಿಪ್ಟ್ ಹೋಯ್ತು. ಖಜಾನೆ ತುಂಬುತ್ತಿದ್ದ ಪ್ರಾಂತ್ಯಗಳು ಅವೇ. ಉಳಿದ ಸೈನ್ಯ ಅನಟೋಲಿಯಾಕ್ಕೆ ಹಿಂದೆ ಸರಿದು ಅಲ್ಲೇ ನೆಲೆಯೂರಿತು. ಆ ದಂಡುಗಳಿದ್ದ ಸೀಮೆಗಳೇ ಕ್ರಮೇಣ ‘ಥೀಮಾ’ ಅನ್ನೋ ಆಡಳಿತ ವಿಭಾಗಗಳಾದವು. ಪೂರ್ತಿ ಸಂಬಳ ಕೊಡೋಕೆ ದುಡ್ಡಿಲ್ಲದ ಸರ್ಕಾರ, ಕಾಲಕ್ರಮದಲ್ಲಿ ಖರ್ಚಿನ ಭಾರವನ್ನು ಸೈನಿಕನ ಮನೆಯ ಮೇಲೆ ಹೊರಿಸಿತು. ಸ್ವಲ್ಪ ನಗದು ಕೊಡ್ತೀವಿ, ಕೆಲವು ತೆರಿಗೆ ಮಾಫಿ. ಬದಲಿಗೆ ಕುದುರೆ, ಆಯುಧ, ಬುತ್ತಿ ನಿನ್ನದೇ. ರಾಜಧಾನಿಯ ‘ಟಾಗ್ಮಾ’ ಪಡೆಗಳಿಗೆ ಮಾತ್ರ ಚೆನ್ನಾಗಿ ಸಂಬಳ, ಸರ್ಕಾರಿ ಸಾಮಾನು.

ಇದನ್ನು ನಮ್ಮ ಉಂಬಳಿಯ ಹಾಗೆ ಅಂದುಕೊಳ್ಳೋದು ಬೇಡ. ರಾಜ ಮೆಚ್ಚಿ ಕೊಟ್ಟ ಭೂಮಿಯಲ್ಲ ಇದು. ಹೆಚ್ಚಿನ ಕಡೆ ರೈತನ ಸ್ವಂತ ಹೊಲದ ಮೇಲೇ ಸೈನ್ಯದ ಹೊಣೆ ಅಂಟಿಕೊಂಡಿತ್ತು.

ಈ ಹೊಣೆ ಹೇಗಿತ್ತು ಅನ್ನೋದಕ್ಕೆ 820ರ ದಶಕದ ಶುರುವಿನಲ್ಲಿ ಬರೆದ ಸಂತ ಫಿಲಾರೆತೋಸನ ಜೀವನಚರಿತ್ರೆ ನೋಡಬೇಕು. ಬರೆದವನು ಅವನ ಮೊಮ್ಮಗ. ಊರಿಗೆ ಸೈನ್ಯದ ತಪಾಸಣೆ ಬಂದಿದೆ. ಪ್ರತಿಯೊಬ್ಬನೂ ತನ್ನ ಕುದುರೆ, ಆಯುಧ ತೋರಿಸಬೇಕು. ಮೂಸುಲಿಯೋಸ್ ಅನ್ನೋ ಬಡ ಸೈನಿಕನ ಕುದುರೆ ಅದೇ ಹೊತ್ತಿಗೆ ಸತ್ತು ಬೀಳುತ್ತೆ. ಇನ್ನೊಂದು ಕೊಳ್ಳೋಕೆ ಕೈಯಲ್ಲಿ ಕಾಸಿಲ್ಲ, ಅಧಿಕಾರಿ ಬಿಡೋದಿಲ್ಲ. ಓಡಿಬಂದು ಫಿಲಾರೆತೋಸನ ಮುಂದೆ ನಿಂತು ಬೇಡ್ತಾನೆ. ಆಗಲೇ ಆಸ್ತಿಯೆಲ್ಲ ಕಳೆದುಕೊಂಡಿದ್ದ ಫಿಲಾರೆತೋಸ್ ತನ್ನ ಕುದುರೆಯನ್ನೇ ಕೊಟ್ಟುಬಿಡ್ತಾನೆ. ಸಂತನ ದಾನಗುಣ ಹೊಗಳೋಕೆ ಬರೆದ ಕತೆ ಇದು, ನಿಜ. ನನಗೆ ಮುಖ್ಯವಾಗಿ ಕಂಡಿದ್ದು ಮೂಸುಲಿಯೋಸನ ಗಾಬರಿ. ಅರಬರ ಕತ್ತಿಗಿಂತ ಮೊದಲು ಅವನು ಹೆದರಬೇಕಾಗಿದ್ದು ತನ್ನದೇ ಸರ್ಕಾರದ ಹಾಜರಿ ಪುಸ್ತಕಕ್ಕೆ.

ಸತ್ತ ಮೇಲೂ ಬಿಡುಗಡೆ ಇರಲಿಲ್ಲ. 801ರಲ್ಲಿ ಮಹಾರಾಣಿ ಐರೀನ್ ಕೆಲವು ತೆರಿಗೆ ಮಾಫಿ ಮಾಡಿದಾಗ ಥಿಯೋಡೋರ್ ಅನ್ನೋ ಮಠಾಧಿಪತಿ ಆಕೆಗೊಂದು ಮೆಚ್ಚುಗೆಯ ಪತ್ರ ಬರೀತಾರೆ. ಸೈನಿಕರ ಹೆಂಡತಿಯರು ಸತ್ತ ಗಂಡಂದಿರ ಲೆಕ್ಕದಲ್ಲಿ ದುಡ್ಡು ಕಟ್ಟುವ ಅಮಾನುಷ ಪದ್ಧತಿ ಇನ್ನಿಲ್ಲ ಅನ್ನೋದು ಅದರಲ್ಲಿನ ಒಂದು ಮಾತು. ಅಂದರೆ ಅಲ್ಲಿಯವರೆಗೆ ವಿಧವೆಯರು ಕಟ್ಟುತ್ತಿದ್ದರು.

ಆ ಮಾಫಿ ಹೆಚ್ಚು ದಿನ ಬಾಳಲಿಲ್ಲ. ಐರೀನಳನ್ನು ಇಳಿಸಿ ಬಂದ ಮೊದಲನೇ ನಿಕೆಫೋರೋಸ್ ಹೊಸ ಲೆಕ್ಕ ತೆಗೆದ. ಬಡವರನ್ನೂ ಸೈನ್ಯಕ್ಕೆ ಸೇರಿಸಿ, ಅವರ ಸಾಮಾನಿನ ಖರ್ಚನ್ನು ಅದೇ ಊರಿನ ನೆರೆಹೊರೆಯವರು ಕೊಡಲಿ, ತಲೆಗೆ ಹದಿನೆಂಟೂವರೆ ಚಿನ್ನದ ನಾಣ್ಯ. ಇದನ್ನು ‘ಪೀಡೆ’ಗಳ ಪಟ್ಟಿಯಲ್ಲಿ ಸೇರಿಸಿದ್ದು ಆ ಕಾಲದ ಚರಿತ್ರೆಕಾರ ಥಿಯೋಫಾನೆಸ್. ಆತನಿಗೆ ಈ ಚಕ್ರವರ್ತಿಯನ್ನು ಕಂಡರೆ ಆಗ್ತಿರಲಿಲ್ಲ, ಅದನ್ನೂ ನೆನಪಿಟ್ಟುಕೊಳ್ಳಬೇಕು. 811ರಲ್ಲಿ ಬಲ್ಗರರ ಮೇಲೆ ಹೋದ ದಂಡಿನಲ್ಲಿ ಸ್ವಂತ ಖರ್ಚಿನಲ್ಲಿ ಕವಣೆ, ದೊಣ್ಣೆ ಹಿಡಿದು ಚಕ್ರವರ್ತಿಯನ್ನು ಶಪಿಸುತ್ತಾ ಹೊರಟ ಬಡವರು ತುಂಬಾ ಜನ ಇದ್ದರು ಅಂತಲೂ ಅವನೇ ಬರೀತಾನೆ. ಆ ದಂಡು ವಾಪಸ್ ಬರಲಿಲ್ಲ. ಬಲ್ಗರ್ ರಾಜ ಕ್ರುಮ್ ಚಕ್ರವರ್ತಿಯ ತಲೆಬುರುಡೆಗೆ ಬೆಳ್ಳಿ ಕಟ್ಟಿಸಿ ಕುಡಿಯುವ ಬಟ್ಟಲು ಮಾಡಿಕೊಂಡ.

ಯುದ್ಧ ಸಾಮಗ್ರಿಯ ಭಾರ ಸೈನಿಕರಲ್ಲದವರ ಮೇಲೂ ಬೀಳ್ತಿತ್ತು. 911ರ ನೌಕಾ ದಂಡಯಾತ್ರೆಯ ಲೆಕ್ಕಪತ್ರ ಉಳಿದುಕೊಂಡಿದೆ. ಅದರಲ್ಲಿ ಥೆಸಲೋನಿಕಾ ಸೀಮೆಯೊಂದಕ್ಕೇ 2,00,000 ಬಾಣ, 3,000 ಮೆನಾವ್ಲಿಯೋನ್ ಮಾಡಿಕೊಡಲು ಆದೇಶ. ಗರಿ ಹೊಂದಿಸಿ, ಕೋಲು ಕೆತ್ತಿ, ಕಬ್ಬಿಣ ಬಡಿದವರ ಹೆಸರು ಯಾವ ಲೆಕ್ಕದಲ್ಲೂ ಇಲ್ಲ.

ಆರನೇ ಲಿಯೋ ತನ್ನ ಕೈಪಿಡಿಯಲ್ಲಿ ಒಂದು ಕಡೆ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಅರಬರ ಬಗ್ಗೆ ಬರೀತಾನೆ. ಅವರಲ್ಲಿ ಹಾಜರಿ ಪುಸ್ತಕ ಇಲ್ಲ, ಜನ ತಾವಾಗಿ ಬರ್ತಾರೆ, ಹೋಗೋಕಾಗದ ಗಂಡಸರು, ಹೆಂಗಸರು ಹೋಗುವವರಿಗೆ ಆಯುಧ ಕೊಡಿಸ್ತಾರೆ. ನಮ್ಮಲ್ಲೂ ದಂಡಿಗೆ ಬಾರದ ಶ್ರೀಮಂತರು ಬಡ ಸೈನಿಕನ ಕುದುರೆ, ಆಯುಧದ ಖರ್ಚು ಹೊರಲಿ ಅನ್ನೋದು ಅವನ ಆಸೆ. ಶ್ರೀಮಂತರಿಗೆ ಬೇರೆ ಆಸೆಗಳಿದ್ದವು.

927ರ ಚಳಿಗಾಲ

927–28ರ ಚಳಿಗಾಲ ಭೀಕರವಾಗಿತ್ತು. ನೆಲ ತಿಂಗಳುಗಟ್ಟಲೆ ಹೆಪ್ಪುಗಟ್ಟಿತು, ಹಿಂದೆಯೇ ಬರಗಾಲ. ಹಸಿದ ರೈತರು ಹೊಲ ಮಾರಿದರು. ಕೊಂಡವರು ‘ದಿನಾತೋಯಿ’, ಅಂದರೆ ಬಲಾಢ್ಯರು: ಮಂತ್ರಿಗಳು, ಸೇನಾಧಿಕಾರಿಗಳು, ಬಿಷಪ್‌ಗಳು, ಮಠಗಳು. ಕೆಲವರು ಬೆಳ್ಳಿ ಕೊಟ್ಟರು, ಕೆಲವರು ಕಾಳು ಕೊಟ್ಟೇ ಬರೆಸಿಕೊಂಡರು. ಮುಂದೇನಾಗುತ್ತೆ ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೊಲ ಹೋದರೆ ಕುದುರೆ ಹೋಯ್ತು, ಕುದುರೆ ಹೋದರೆ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳೀತು.

934ರಲ್ಲಿ ಚಕ್ರವರ್ತಿ ರೊಮಾನೋಸ್ ಲೆಕಪೆನೋಸ್ ತಂದ ಕಾನೂನು ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೆ. ಸಣ್ಣ ಹಿಡುವಳಿದಾರರು ಹೆಚ್ಚಿದ್ದರೆ ತೆರಿಗೆಯೂ ಬರುತ್ತೆ, ಸೈನಿಕರೂ ಬರ್ತಾರೆ. ಅವರು ಇಲ್ಲವಾದರೆ ಎರಡೂ ಇಲ್ಲ. ಬರಗಾಲದಲ್ಲಿ ಅನ್ಯಾಯದ ಬೆಲೆಗೆ ಕೊಂಡ ಜಮೀನು ವಾಪಸ್ ಹೋಗಬೇಕು. ಬಡವರ ಮೇಲಿನ ಪ್ರೀತಿಗಿಂತ ಖಜಾನೆಯ ಚಿಂತೆಯೇ ಇದರಲ್ಲಿ ಹೆಚ್ಚು ಕಾಣುತ್ತೆ. ಹಾಗಂತ ಕಾನೂನಿನ ಬೆಲೆ ಕಡಿಮೆಯಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಅದಾದ ಮೇಲೆ ಏಳನೇ ಕಾನ್‌ಸ್ಟಾಂಟಿನ್ ಲೆಕ್ಕ ನಿಗದಿ ಮಾಡಿದ. ಅಶ್ವಸೈನಿಕನ ಹೆಸರಿನಲ್ಲಿ ಕನಿಷ್ಠ ನಾಲ್ಕು ಪೌಂಡ್ ಚಿನ್ನ ಬಾಳುವ ಜಮೀನು ಇರಲೇಬೇಕು, ಅದನ್ನು ಮಾರುವಂತಿಲ್ಲ. ಒಂದು ಪೌಂಡ್‌ಗೆ 72 ನಾಣ್ಯ, ಅಲ್ಲಿಗೆ 288 ನಾಣ್ಯ, ಇವತ್ತಿನ ತೂಕದಲ್ಲಿ ಸುಮಾರು 1.3 ಕಿಲೋ ಚಿನ್ನ. ಈ ನಾಣ್ಯದ ಹಳೆಯ ಪೀಳಿಗೆ ನಮ್ಮೂರಿಗೂ ಬಂದಿತ್ತು ಗೊತ್ತಾ? ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ 5–6ನೇ ಶತಮಾನದ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ನಿಧಿಯೇ ಸಿಕ್ಕಿದೆ. ವ್ಯಾಪಾರದಲ್ಲಿ ಬಂದದ್ದು, ಇರಲಿ. ಅಷ್ಟು ಆಸ್ತಿ ಇಲ್ಲದವರು ಹಲವರು ಕೂಡಿ ಒಬ್ಬ ಸೈನಿಕನ ಖರ್ಚು ಹೊರುವ ವ್ಯವಸ್ಥೆಯೂ ಇತ್ತು.

963ರಲ್ಲಿ ಪಟ್ಟಕ್ಕೆ ಬಂದ ನಿಕೆಫೋರೋಸ್ ಫೋಕಾಸ್ (ಮೇಲೆ ಹೇಳಿದ ಕೈಪಿಡಿಯ ಫೋಕಾಸನೇ) ಇದನ್ನು ಪೂರ್ತಿ ತಿರುಗಿಸಿಬಿಟ್ಟ. ಭಾರೀ ಕವಚದ ಸವಾರನಿಗೆ ನಾಲ್ಕು ಪೌಂಡ್ ಸಾಲದು, ಹನ್ನೆರಡು ಬೇಕು ಅಂದ. 864 ನಾಣ್ಯ. ಆ 504 ಜನರ ತ್ರಿಕೋನ ನಿಂತಿದ್ದು ಈ ಲೆಕ್ಕದ ಮೇಲೆ. ಒಬ್ಬ ಸಾಮಾನ್ಯ ರೈತ ಈ ಪಟ್ಟಿಗೆ ಬರೋದು ಹೇಗೆ? ಬರಲ್ಲ. ಜೊತೆಗೆ ಬಲಾಢ್ಯರು ಮಾರುವ ಜಮೀನಿನ ಮೇಲೆ ಬಡವರಿಗಿದ್ದ ಮೊದಲ ಹಕ್ಕನ್ನೂ ತೆಗೆದುಹಾಕಿದ. ಬಡವರು ಬಡವರಿಂದ ಕೊಳ್ಳಲಿ, ದೊಡ್ಡವರು ದೊಡ್ಡವರಿಂದ ಅಂತ ಅವನ ವಾದ. ಕೇಳೋಕೆ ಸಮಾನತೆ. ಫೋಕಾಸ್ ಮನೆತನವೇ ಕಪ್ಪಡೋಕಿಯದ ದೊಡ್ಡ ಜಮೀನ್ದಾರರದು ಅನ್ನೋದನ್ನು ಸೇರಿಸಿ ಓದಿದರೆ ಅರ್ಥ ಬೇರೆ.

‘ಧರ್ಮಯುದ್ಧದ ವೀರ’ ಅನ್ನೋ ಮೀಮ್‌ಗೆ ಇವನ ಕಾಲದಲ್ಲೇ ಒಂದು ಉತ್ತರ ಇದೆ. ಮುಸ್ಲಿಮರ ವಿರುದ್ಧ ಹೋರಾಡಿ ಸತ್ತ ಸೈನಿಕರನ್ನು ಹುತಾತ್ಮ ಸಂತರೆಂದು ಘೋಷಿಸಿ ಅಂತ ಫೋಕಾಸ್ ಚರ್ಚನ್ನು ಕೇಳಿದ. ಪಾದ್ರಿಗಳ ಮುಖ್ಯಸ್ಥ ಪೊಲಿಯುಕ್ಟೋಸ್ ಮತ್ತು ಬಿಷಪ್‌ಗಳು ಒಪ್ಪಲಿಲ್ಲ. ಯುದ್ಧದಲ್ಲಾದರೂ ಕೊಂದವನ ಕೈ ಶುದ್ಧವಲ್ಲ, ಮೂರು ವರ್ಷ ಪ್ರಸಾದದಿಂದ ದೂರ ಇರುವುದು ಒಳ್ಳೆಯದು ಅಂತ 4ನೇ ಶತಮಾನದ ಸಂತ ಬೇಸಿಲ್ ಹೇಳಿದ್ದನ್ನು ತೋರಿಸಿದರು. ಅದೇ ಮಠ, ಬಿಷಪ್‌ಗಳು ಸೈನಿಕರ ಹೊಲ ನುಂಗಿದ್ದೂ ನಿಜ. ಇತಿಹಾಸ ನಮ್ಮ ಅನುಕೂಲಕ್ಕೆ ತಕ್ಕ ಹಾಗೆ ಹೀರೋಗಳನ್ನು ಕೊಡಲ್ಲ. 969ರ ಡಿಸೆಂಬರ್‌ನಲ್ಲಿ ಫೋಕಾಸನನ್ನು ಅರಮನೆಯೊಳಗೇ ಕೊಂದರು. ಕೊಂದವನು ಅವನದೇ ಸೋದರಳಿಯ, ಸೇನಾಪತಿ ಟ್ಸಿಮಿಸ್ಕೆಸ್.

ಬಲಾಢ್ಯರಿಗೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಎರಡನೇ ಬೇಸಿಲ್. 40 ವರ್ಷ ಅನುಭವದಲ್ಲಿದ್ದರೆ ಒತ್ತುವರಿ ಸಕ್ರಮ ಅನ್ನೋ ರಕ್ಷಣೆಯನ್ನು 996ರ ಕಾನೂನಿನಲ್ಲಿ ಕಿತ್ತುಹಾಕಿದ. ಫಿಲೋಕಾಲೆಸ್ ಅನ್ನೋ ಒಬ್ಬ, ಹುಟ್ಟಿದ್ದು ಬಡ ರೈತನಾಗಿ. ಅಧಿಕಾರ ಸಿಕ್ಕಿದ್ದೇ ತನ್ನ ಇಡೀ ಹಳ್ಳಿಯನ್ನು ಎಸ್ಟೇಟ್ ಮಾಡಿಕೊಂಡಿದ್ದ. ಬೇಸಿಲ್ ಅವನ ಬಂಗಲೆಗಳನ್ನು ನೆಲಸಮ ಮಾಡಿಸಿ, ಜಮೀನು ಹಳ್ಳಿಗರಿಗೆ ಕೊಟ್ಟು, ಅವನನ್ನು ಮತ್ತೆ ಸಾಮಾನ್ಯ ರೈತನಾಗಿಸಿದ. ಈ ಪ್ರಸಂಗ ಕಾನೂನಿನ ಪಠ್ಯದಲ್ಲೇ ಇದೆ. ಬಡ ನೆರೆಯವರು ಕಟ್ಟಲಾಗದ ತೆರಿಗೆಯನ್ನು ಬಲಾಢ್ಯರು ಕಟ್ಟಬೇಕು ಅಂತಲೂ ಮಾಡಿದ. ಅವನು ಸತ್ತಿದ್ದು 1025ರಲ್ಲಿ. ಮೂರು ವರ್ಷಕ್ಕೆ ಪಟ್ಟಕ್ಕೆ ಬಂದ ಮೂರನೇ ರೊಮಾನೋಸ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಈ ನಿಯಮ ರದ್ದು ಮಾಡಿದ್ದು.

ಅದೇ ಬೇಸಿಲ್ ಮಾಡಿದ ಇನ್ನೊಂದು ಕೆಲಸ: 988ರ ಹೊತ್ತಿಗೆ ಬಲಾಢ್ಯರ ದಂಗೆ ಅಡಗಿಸೋಕೆ ಕೀವ್‌ನ ವ್ಲಾದಿಮಿರ್‌ನಿಂದ 6,000 ಯೋಧರನ್ನು ತರಿಸಿಕೊಂಡ. ಉದ್ದ ಹಿಡಿಯ ಕೊಡಲಿಗೆ ಹೆಸರಾದ ವರಂಗಿಯನ್ ಕಾವಲುಪಡೆಯ ಶುರು ಅದು. ಅವರಿಗೆ ಊರಿನಲ್ಲಿ ನೆಂಟರಿಲ್ಲ, ಹೊಲವಿಲ್ಲ, ಸಂಬಳ ಕೊಟ್ಟವನೇ ದೊರೆ.

ಕುಡುಗೋಲು ಹಿಡಿದ ಸೈನ್ಯ

11ನೇ ಶತಮಾನದಲ್ಲಿ ಸರ್ಕಾರಕ್ಕೆ ಸುಲಭದ ದಾರಿ ಕಂಡಿತು. ದಂಡಿಗೆ ಬರೋದು ಬೇಡ, ಬದಲಿಗೆ ದುಡ್ಡು ಕಟ್ಟಿ. ಆ ದುಡ್ಡಿನಲ್ಲಿ ಬಾಡಿಗೆ ಪಡೆಗಳನ್ನು ತರ್ತೀವಿ. ಒಂಬತ್ತನೇ ಕಾನ್‌ಸ್ಟಾಂಟಿನ್ ಪೂರ್ವ ಗಡಿಯ ಐಬೀರಿಯಾ ಸೀಮೆಯ ದಂಡನ್ನೇ ವಿಸರ್ಜಿಸಿ ತೆರಿಗೆಯಾಗಿ ಬದಲಾಯಿಸಿದ. 50,000 ಜನರ ದಂಡು ಅಂತ ಚರಿತ್ರೆಕಾರ ಸ್ಕಿಲಿಟ್ಜೆಸ್ ಬರೀತಾನೆ. ಸಂಖ್ಯೆ ಉಬ್ಬಿಸಿದ್ದಿರಬಹುದು. ಆದರೆ ಸೆಲ್ಜುಕ್ ತುರ್ಕರು ಆ ಗಡಿಗೇ ಬರುತ್ತಿದ್ದ ಹೊತ್ತು ಅದು.

1068ರಲ್ಲಿ ನಾಲ್ಕನೇ ರೊಮಾನೋಸ್ ಡಯೋಜೆನೆಸ್ ಅನಟೋಲಿಯಾದ ಹಳೆಯ ಥೀಮಾ ದಂಡುಗಳಿಗೆ ಕರೆ ಕೊಟ್ಟ. ಬಂದವರನ್ನು ಆ ಕಾಲದ ಬರಹ ಹೀಗೆ ವರ್ಣಿಸುತ್ತೆ: ಬಡತನಕ್ಕೆ ಬೆನ್ನು ಬಾಗಿದವರು, ಕವಚ ಇಲ್ಲ, ಯುದ್ಧದ ಕುದುರೆ ಇಲ್ಲ, ಕೈಯಲ್ಲಿ ಬೇಟೆಯ ಈಟಿ, ಕುಡುಗೋಲು. ಎಷ್ಟೋ ವರ್ಷದಿಂದ ಯಾರೂ ದಂಡಿಗೆ ಕರೆದಿರಲಿಲ್ಲ. ಬಾವುಟಗಳು ಹೊಗೆ ಹಿಡಿದು ಕಪ್ಪಾಗಿದ್ದವು.

ಮೂರು ವರ್ಷ ಕಳೆದು, 1071ರ ಆಗಸ್ಟ್ 26ರಂದು ಮಂಜಿಕೆರ್ಟ್‌ನಲ್ಲಿ ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್ಲಾನ್ ರೊಮಾನೋಸನನ್ನು ಸೆರೆ ಹಿಡಿದ. ಟರ್ಕಿಯಲ್ಲಿ ಇವತ್ತಿಗೂ ಆ ದಿನದ ದೊಡ್ಡ ಆಚರಣೆ ಇದೆ, ಅಧ್ಯಕ್ಷ ಎರ್ಡೊಆನ್ ಹೋಗಿ ಭಾಷಣ ಮಾಡಿದ್ದಾರೆ. ಗ್ರೀಕ್ ರಾಷ್ಟ್ರವಾದಿಗಳಿಗೆ ಅದು ಶೋಕದ ದಿನ. ‘ಎರಡು ಧರ್ಮಗಳ ಮಹಾಸಮರ’ ಅನ್ನೋ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಆದರೆ ರೊಮಾನೋಸನ ಸೈನ್ಯದಲ್ಲಿ ತುರ್ಕಿ ಮೂಲದ ಬಾಡಿಗೆ ಸವಾರರೂ ಇದ್ದರು, ಅವರಲ್ಲಿ ಕೆಲವರು ಯುದ್ಧಕ್ಕೆ ಮೊದಲೇ ಆ ಕಡೆ ಹೋದರು. ಮೀಸಲು ಪಡೆಯನ್ನು ಹಿಂದಕ್ಕೆ ಕರೆದುಕೊಂಡು ಹೋದವನು ಆಂಡ್ರೊನಿಕೋಸ್ ಡೂಕಾಸ್, ಪಟ್ಟಕ್ಕೆ ಹವಣಿಸುತ್ತಿದ್ದ ಮನೆತನದ ಕುಡಿ. ಸುಲ್ತಾನ ಗೌರವದಿಂದ ಬಿಟ್ಟು ಕಳಿಸಿದ ಚಕ್ರವರ್ತಿಯ ಕಣ್ಣು ಕೀಳಿಸಿದವರು ಅವನದೇ ರಾಜಧಾನಿಯವರು.

ಎಲ್ಲಕ್ಕೂ ಜಮೀನ್ದಾರರೇ ಕಾರಣ ಅಂತ ಬರೆದುಬಿಟ್ಟರೆ ನನ್ನ ಕೆಲಸ ಸುಲಭ. ಕಳೆದ ಶತಮಾನದಲ್ಲಿ ಜಾರ್ಜ್ ಓಸ್ಟ್ರೊಗೋರ್ಸ್ಕಿ ಹೆಚ್ಚುಕಡಿಮೆ ಹಾಗೇ ಬರೆದರು: 7ನೇ ಶತಮಾನದಲ್ಲೇ ಸೈನಿಕರಿಗೆ ಭೂಮಿ ಹಂಚಿದರು, ಅದು ಉಳಿದಷ್ಟು ಕಾಲ ರಾಜ್ಯ ಉಳೀತು ಅಂತ. ಆಮೇಲೆ ಬಂದ ಜಾನ್ ಹಾಲ್ಡನ್‌ರಂಥವರು, ಅಷ್ಟು ಹಿಂದೆ ಅಂಥ ಹಂಚಿಕೆ ನಡೆದದ್ದಕ್ಕೆ ಪುರಾವೆ ಇಲ್ಲ, ಕಾನೂನು ಬಂದದ್ದು 10ನೇ ಶತಮಾನದಲ್ಲಿ ಅಂತ ತೋರಿಸಿದರು. 11ನೇ ಶತಮಾನದಲ್ಲಿ ವ್ಯಾಪಾರ, ಬೇಸಾಯ ಎರಡೂ ಬೆಳೆಯುತ್ತಿದ್ದವು ಅನ್ನೋದು ಈಗಿನ ತಿಳಿವಳಿಕೆ. ಸಂಬಳದ ಸೈನ್ಯ ಅನ್ನೋದು ತಾನಾಗಿ ಕೆಟ್ಟ ಉಪಾಯವೂ ಅಲ್ಲ. ಸಂಬಳ ನಿಂತ ದಿನ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಮಾತ್ರ ಅವರ ಹತ್ತಿರ ಉತ್ತರ ಇರಲಿಲ್ಲ.

ಆ ದಿನ ಬಂದದ್ದು 1081ರಲ್ಲಿ. ಅನಟೋಲಿಯಾದ ಬಹುಭಾಗ ಕೈಬಿಟ್ಟಿತ್ತು, ಸೈನಿಕರ ಹೊಲಗಳಿದ್ದ ನಾಡೇ ಅದು. ಪಶ್ಚಿಮದಿಂದ ನಾರ್ಮನ್ನರು ಬಂದಿಳಿದಿದ್ದರು. ಹೊಸ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನೆನೋಸನ ಖಜಾನೆಯಲ್ಲಿ ಸೈನ್ಯಕ್ಕೆ ಕೊಡೋಕೆ ಹಣ ಇರಲಿಲ್ಲ. ಮೊದಲು ಅವನ ಮನೆಯವರು ತಮ್ಮ ಚಿನ್ನ, ಬೆಳ್ಳಿ ತಂದು ಸುರಿದರು. ಸಾಲಲಿಲ್ಲ. ಆಮೇಲೆ ಚರ್ಚುಗಳ ಬೆಳ್ಳಿ, ಬಂಗಾರ ಕರಗಿಸಿದರು. ಕ್ಯಾಲ್ಸಿಡಾನ್‌ನ ಬಿಷಪ್ ಲಿಯೋ ಇದು ದೇವರ ಆಸ್ತಿಗೆ ಮಾಡಿದ ಅಪಚಾರ ಅಂತ ಗಲಾಟೆ ಎಬ್ಬಿಸಿದ. 1082ರಲ್ಲಿ, ಇನ್ನು ಮುಂದೆ ಚರ್ಚಿನ ಒಡವೆ ಮುಟ್ಟೋದಿಲ್ಲ ಅಂತ ಚಕ್ರವರ್ತಿ ತನ್ನ ಮುದ್ರೆ ಒತ್ತಿ ಬರೆದುಕೊಡಬೇಕಾಯಿತು.